ಅಟ್ಟದಲ್ಲಿ ಕೊಬ್ಬರಿ, ನೆಲದ ಮೇಲೆ ಹಾಸಿಗೆ

ಯೂಟ್ಯೂಬ್‌ನಲ್ಲಿ ಟೈನಿ ಹೌಸ್ ವಿಡಿಯೋಗಳನ್ನು ನೀವೂ ನೋಡಿರ್ತೀರಿ. ಗೋಡೆಯಿಂದ ಮಂಚ ಇಳಿಯುತ್ತೆ, ಮೆಟ್ಟಿಲ ಕೆಳಗಿಂದ ಹಾಸಿಗೆ ಹೊರಗೆ ಬರುತ್ತೆ. ಅಮೆರಿಕದ ಮಾದರಿ ಕಟ್ಟಡ ನಿಯಮಗಳ ಪ್ರಕಾರ ಲಾಫ್ಟ್ ಬಿಟ್ಟು 400 ಚದರ ಅಡಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದು ಟೈನಿ ಹೌಸ್. ಈಗ ನಮ್ಮ ಕಡೆಗೆ ಬನ್ನಿ. ಪ್ರಧಾನ ಮಂತ್ರಿ ಆವಾಸ್ ಯೋಜನೆಯಲ್ಲಿ ಹಳ್ಳಿ ಮನೆಯ ಕನಿಷ್ಠ ಅಳತೆ ಅಡುಗೆ ಜಾಗವೂ ಸೇರಿ 25 ಚದರ ಮೀಟರ್, ಅಂದರೆ ಸುಮಾರು 270 ಚದರ ಅಡಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಇಷ್ಟೇ ಜಾಗದಲ್ಲಿ ನಾಲ್ಕೈದು ಜನ ಇರುವ ಮನೆಗಳಿವೆ. ಅದನ್ನು ಯಾರೂ ಟೈನಿ ಹೌಸ್ ಅನ್ನಲ್ಲ, ಮನೆ ಅಂತಾರೆ ಅಷ್ಟೆ.

ಇಂಥ ಮನೆಯಲ್ಲಿ ಒಂದು ಡಬಲ್ ಕಾಟ್ (6 x 6.5 ಅಡಿ), ಎರಡು ಸಿಂಗಲ್ ಕಾಟ್ (6.25 x 3 ಅಡಿ) ಹಾಕಿದ್ರೆ ಸುಮಾರು 77 ಚದರ ಅಡಿ ಹೋಯ್ತು. ಮನೆಯ ಕಾಲು ಭಾಗಕ್ಕಿಂತ ಜಾಸ್ತಿ! ನಾವು ಮಲಗೋದು ಎಂಟು ಗಂಟೆ, ಮಂಚ ಜಾಗ ಹಿಡಿಯೋದು ಇಪ್ಪತ್ನಾಲ್ಕು ಗಂಟೆ. ಸಮಸ್ಯೆ ಇರೋದು ಮಂಚದ ಸೈಜ್‌ನಲ್ಲಲ್ಲ, ಈ ಉಳಿದ ಹದಿನಾರು ಗಂಟೆಯಲ್ಲಿ. ಇದಕ್ಕೆ ಇರೋ ದಾರಿ ಎರಡೇ: ಹಗಲಲ್ಲಿ ಹಾಸಿಗೆಯನ್ನು ಮಡಚೋದು, ಇಲ್ಲಾ ಮೇಲಕ್ಕೆ ಏರಿಸೋದು.

ಮಡಚೋದು

ಚಾಪೆ, ಜಮಖಾನ, ಕಂಬಳಿ: ಬೆಳಗ್ಗೆ ಸುತ್ತಿ ಮೂಲೆಗಿಟ್ಟರೆ ಮಲಗುವ ಕೋಣೆಯೇ ಊಟದ ಕೋಣೆ. ಹಗ್ಗದ ಮಂಚವನ್ನು ಹಗಲಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿದ್ರೆ ಅದು ಹಿಡಿಯೋದು ಒಂದು ಗೇಣು ಜಾಗ. ತಿಪಟೂರಿನ ಮೇಲೆ ಹೋಗೋ ಹುಬ್ಬಳ್ಳಿ ರೈಲಿನ ಸ್ಲೀಪರ್ ಬೋಗಿಯದೂ ಇದೇ ಲೆಕ್ಕ. ಮಿಡ್ಲ್ ಬರ್ತ್ ಬಿಚ್ಚಲು ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಾತ್ರ ಅವಕಾಶ. ಹಗಲು ಮೂರು ಜನ ಕೂರುವ ಸೀಟಿನ ಮೇಲೆಯೇ ರಾತ್ರಿ ಮೂರು ಜನ ಒಬ್ಬರ ಮೇಲೊಬ್ಬರು ಮಲಗ್ತಾರೆ.

ಗೋಡೆಗೆ ಮಡಚುವ ಮಂಚಕ್ಕೆ ಮರ್ಫಿ ಬೆಡ್ ಅಂತ ಹೆಸರು. 20ನೇ ಶತಮಾನದ ಶುರುವಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಿಲಿಯಂ ಮರ್ಫಿ ಇದಕ್ಕೆ ಪೇಟೆಂಟ್ ಪಡೆದ. ಇದರ ಗುಟ್ಟು ನಮ್ಮ ಫಸ್ಟ್ ಇಯರ್ ಮೆಕ್ಯಾನಿಕ್ಸ್. ಹಾಸಿಗೆ ಸೇರಿ ಮಂಚ 40 ಕೆಜಿ, ಉದ್ದ 2 ಮೀಟರ್ ಅಂದ್ಕೊಳ್ಳಿ. ಭಾರಕೇಂದ್ರ ಹಿಂಜ್‌ನಿಂದ 1 ಮೀಟರ್ ದೂರ, ಟಾರ್ಕ್ ಸುಮಾರು 390 ನ್ಯೂಟನ್ ಮೀಟರ್. ಕಾಲ ಕಡೆಯಿಂದ ಎತ್ತೋಕೆ 20 ಕೆಜಿ ಮೂಟೆ ಎತ್ತುವಷ್ಟು ಬಲ ಬೇಕು. ಮೇಲೆ ಹೋದಂತೆ ಕೊಸೈನ್ ಲೆಕ್ಕದಲ್ಲಿ ಕಡಿಮೆಯಾಗ್ತಾ 60 ಡಿಗ್ರಿಗೆ ಅರ್ಧವಾಗುತ್ತೆ. ಈ ಭಾರವನ್ನು ಸ್ಪ್ರಿಂಗ್ ಹೊರುತ್ತೆ. ಅಂಗಡಿಯವರು 'ಹೈಡ್ರಾಲಿಕ್' ಅನ್ನೋದು ಸಾಮಾನ್ಯವಾಗಿ ಗ್ಯಾಸ್ ಸ್ಪ್ರಿಂಗ್, ಅದರೊಳಗೆ ಒತ್ತಡದಲ್ಲಿ ತುಂಬಿದ ನೈಟ್ರೋಜನ್ ಇರುತ್ತೆ. ಆಮೇಲೆ ಹಾಸಿಗೆ ಬದಲಿಸಿದ್ರೆ ಸ್ಪ್ರಿಂಗ್ ಕೂಡ ನೋಡಬೇಕು. ಹಗುರವಾದರೆ ಮಂಚ ತಾನೇ ಮೇಲಕ್ಕೆ ಹಾರುತ್ತೆ, ಭಾರವಾದರೆ ದಬ್ಬನೆ ಬೀಳುತ್ತೆ. ಮಣ್ಣಿನ ಗೋಡೆ, 4 ಇಂಚಿನ ಬ್ಲಾಕ್ ಗೋಡೆಗೆ ಇದನ್ನು ನೇರವಾಗಿ ಬೋಲ್ಟ್ ಮಾಡೋದು ಅಪಾಯ. ನೆಲಕ್ಕೆ ಭಾರ ಇಳಿಸುವ ಫ್ರೇಮ್ ಬೇಕು.

ಏರಿಸೋದು

ಗಾಳಿಯಲ್ಲಿ ಮಲಗುವ ವ್ಯವಸ್ಥೆ ಎಲ್ಲರ ಮನೆಯಲ್ಲೂ ಇತ್ತು: ತೊಲೆಗೆ ಕಟ್ಟಿದ ಸೀರೆಯ ಜೋಲಿ. ನೆಲದ ಖರ್ಚು ಸೊನ್ನೆ. ಒಂದೂವರೆ ಮೀಟರ್ ಜೋಲಿ ಒಮ್ಮೆ ತೂಗಿ ಬರಲು ಸುಮಾರು ಎರಡೂವರೆ ಸೆಕೆಂಡ್, ಮಗು ಎಷ್ಟೇ ದಪ್ಪ ಇರಲಿ!

ದೊಡ್ಡವರನ್ನು ಏರಿಸೋಕೆ ಅಟ್ಟ ಬೇಕು. ಆದ್ರೆ ನಮ್ಮ ಕಡೆ ಅಟ್ಟ ತೆಂಗಿನಕಾಯಿಗೆ. ಉಂಡೆ ಕೊಬ್ಬರಿ ಆಗ್ಬೇಕಂದ್ರೆ ಬಲಿತ ಕಾಯಿ ಅಟ್ಟದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಕೂರಬೇಕು. ಒಳಗಿನ ನೀರು ಇಂಗಿ, ಅಲ್ಲಾಡಿಸಿದ್ರೆ ಗಿಟುಕು ಗಡಗಡ ಅನ್ನಬೇಕು. ಅಲ್ಲಿವರೆಗೂ ಒಣ ಜಾಗ ಕಾಯಿಗೆ, ನೆಲ ಮನುಷ್ಯರಿಗೆ.

ಈಗ ಕೊಬ್ಬರಿಯನ್ನು ಶೆಡ್‌ಗೆ ಸಾಗಿಸಿದ ಮನೆಗಳಲ್ಲಿ ಅಟ್ಟ ಖಾಲಿ. ಅದು ಮನುಷ್ಯರನ್ನು ತಡೆಯುತ್ತಾ? 12 x 15 ಅಡಿ ಅಟ್ಟದಲ್ಲಿ 3000 ಕಾಯಿ, ಒಂದಕ್ಕೆ ಒಂದು ಕೆಜಿ ಅಂತ ಹಿಡಿದರೆ ಚದರ ಮೀಟರಿಗೆ ಸುಮಾರು 180 ಕೆಜಿ. ಭಾರತೀಯ ಮಾನಕ ಐಎಸ್ 875 ವಾಸದ ಕೋಣೆಯ ನೆಲಕ್ಕೆ ಹೇಳೋದು ಸುಮಾರು 200 ಕೆಜಿ. ಅಂದ್ರೆ ಅಟ್ಟ ತುಂಬ ಕಾಯಿ ಹೊತ್ತ ತೊಲೆಗಳು ಬೆಡ್‌ರೂಮ್ ಲೋಡ್‌ಗೆ ಹತ್ತಿರ ಹತ್ತಿರ ಬಂದಿದ್ವು. ಹಾಗಂತ ನೇರವಾಗಿ ಹತ್ತಿ ಮಲಗಬೇಡಿ. ಗೆದ್ದಲು ಹಿಡಿದಿದೆಯಾ, ತೊಲೆ ಬಾಗಿದೆಯಾ, ಗೋಡೆಯೊಳಗೆ ಸೇರುವ ತುದಿ ಕೊಳೆತಿದೆಯಾ, ನೋಡಿಸಲೇಬೇಕು.

ಹೊಸ ಆರ್‌ಸಿಸಿ ಮನೆಗೆ ಎತ್ತರದ ಲೆಕ್ಕ ಹಾಕಿ. ಕೆಳಗೆ ಓಡಾಡೋಕೆ 6 ಅಡಿ 3 ಇಂಚು, ಹಲಗೆ 3 ಇಂಚು, ಹಾಸಿಗೆ 4 ಇಂಚು, ಎದ್ದು ಕೂರೋಕೆ 3 ಅಡಿ 2 ಇಂಚು. ಒಟ್ಟು ಸರಿಯಾಗಿ 10 ಅಡಿ. 8 ಅಡಿಯ ಶೀಟ್ ಮನೆಯಲ್ಲಿ ಇದು ಆಗಲ್ಲ. ಬಿಸಿಗಾಳಿ ಮೇಲೆ ನಿಲ್ಲುತ್ತೆ, ತಾರಸಿ ಹಗಲು ಹೀರಿದ ಬಿಸಿಯನ್ನು ರಾತ್ರಿ ಬಿಡುತ್ತೆ. ಬೇಸಿಗೆಯಲ್ಲಿ ಮೇಲೆ ಮಲಗಿದವರಿಗೇ ಗೊತ್ತು. ಸೀಲಿಂಗ್ ಫ್ಯಾನ್ ಬದಲು ಗೋಡೆ ಫ್ಯಾನ್, ಹಾಸಿಗೆಗೆ ಅಡ್ಡಪಟ್ಟಿ, ಗಾಳಿಗೆ ಮೇಲೊಂದು ಕಿಂಡಿ, ಇವು ಕಡ್ಡಾಯ.

ಯಾರು ಎಲ್ಲಿ?

ಕೊನೆಗೆ ಇದು ಕಾರ್ಪೆಂಟರಿ ಪ್ರಶ್ನೆಗಿಂತ ಮನೆಯವರ ಪ್ರಶ್ನೆ. ಮಂಡಿನೋವಿನ ಅಜ್ಜಿಗೆ ನೆಲದಿಂದ ಏಳೋಕಾಗಲ್ಲ, ಏಣಿಯಂತೂ ದೂರದ ಮಾತು. ಅವರಿಗೆ ಮಡಚದ ಮಂಚ ಬೇಕು, ಅದೂ ಬಚ್ಚಲಿನ ಹತ್ತಿರ. ಎಲ್ಲರೂ ಒಂದೇ ನೆಲದಲ್ಲಿ ಮಲಗಿದ್ರೆ ಮೊದಲು ಎದ್ದು ಒಲೆ ಹಚ್ಚೋರು, ಪರೀಕ್ಷೆಗೆ ತಡವಾಗಿ ಓದೋರು, ಇಬ್ಬರೂ ಉಳಿದವರ ನಿದ್ದೆಗೆ ಕಾಯಬೇಕು. ಸಾಮಾನ್ಯವಾಗಿ ಕಾಯೋದು ಅಮ್ಮ ಮತ್ತು ಹೆಣ್ಣುಮಕ್ಕಳು. ಓದೋ ಹುಡುಗಿಗೆ ಪರದೆ ಮತ್ತು ಒಂದು ಸಣ್ಣ ಲೈಟ್ ಇರೋ ಲಾಫ್ಟ್ ಸಿಕ್ಕಿದ್ರೆ ಅದು ಅವಳ ರೂಮು.

ಆದ್ದರಿಂದ ಊರಲ್ಲಿ ಯಾರಾದ್ರೂ 'ನೀನು ಇಂಜಿನಿಯರಿಂಗ್ ಅಲ್ವಾ, ಒಂದು ಪ್ಲಾನ್ ಹಾಕು' ಅಂದ್ರೆ ಎರಡು ಪ್ಲಾನ್ ಹಾಕಿ: ಒಂದು ಹಗಲಿಗೆ, ಒಂದು ರಾತ್ರಿಗೆ. ರಾತ್ರಿ ಪ್ಲಾನ್‌ನಲ್ಲಿ ಎಲ್ಲರ ಹಾಸಿಗೆ ಬರೆದು, ಅಜ್ಜಿ ಯಾರನ್ನೂ ತುಳಿಯದೆ ಬಚ್ಚಲಿಗೆ ಹೋಗೋಕೆ ದಾರಿ ಉಳಿದಿದೆಯಾ ಅಂತ ನೋಡಿ. ಉಳಿದಿದ್ರೆ ಪ್ಲಾನ್ ಪಾಸ್.