ಚಲನಚಿತ್ರದ ಮೂಲರೂಪ ಪುನಃಸ್ಥಾಪನೆ

ಚಲನಚಿತ್ರದ ಮೂಲರೂಪ ಪುನಃಸ್ಥಾಪನೆ ಎಂದರೆ ಕಾಲಕ್ರಮದಲ್ಲಿ ಹಾಳಾದ ಅಥವಾ ಬದಲಾವಣೆಗೆ ಒಳಗಾದ ಹಳೆಯ ಚಲನಚಿತ್ರವನ್ನು, ಅದು ಮೊದಲ ಬಾರಿಗೆ ತೆರೆಕಂಡಾಗ ಚಿತ್ರಮಂದಿರದಲ್ಲಿ ಹೇಗೆ ಕಾಣಿಸಿ ಕೇಳಿಸಿತ್ತೋ ಆ ಸ್ಥಿತಿಗೆ ಸಾಧ್ಯವಾದಷ್ಟು ಹತ್ತಿರ ತರುವ ಕಾರ್ಯ. ಇದನ್ನು ಸಾಮಾನ್ಯವಾಗಿ ಚಲನಚಿತ್ರ ಸಂಗ್ರಹಾಲಯಗಳು ಮತ್ತು ವಿಶೇಷ ಪ್ರಯೋಗಾಲಯಗಳು ಕೈಗೊಳ್ಳುತ್ತವೆ. ಕೆಲವೊಮ್ಮೆ ಅಭಿಮಾನಿಗಳೂ ಕೈಗೊಂಡಿದ್ದಾರೆ. ಕಪ್ಪು-ಬಿಳುಪು ಚಿತ್ರಕ್ಕೆ ಬಣ್ಣ ತುಂಬುವುದು, ಧ್ವನಿಯನ್ನು ಹೊಸದಾಗಿ ಮಿಶ್ರಣ ಮಾಡುವುದು ಮುಂತಾದ ನವೀಕರಣಗಳಿಂದ ಇದು ಭಿನ್ನವಾದುದು. ಕನ್ನಡದಲ್ಲಿ ಎರಡೂ ಬಗೆಯ ಉದಾಹರಣೆಗಳಿವೆ. ಗಿರೀಶ್ ಕಾಸರವಳ್ಳಿ ನಿರ್ದೇಶನದ ಘಟಶ್ರಾದ್ಧ (1977) ಮೊದಲನೆಯ ಬಗೆಗೆ ಸೇರಿದರೆ, ಸತ್ಯ ಹರಿಶ್ಚಂದ್ರ (1965) ಮತ್ತು ಕಸ್ತೂರಿ ನಿವಾಸ (1971) ಚಿತ್ರಗಳ ಬಣ್ಣದ ಆವೃತ್ತಿಗಳು ಎರಡನೆಯ ಬಗೆಗೆ ಸೇರುತ್ತವೆ.

ಹಾನಿಯ ಕಾರಣಗಳು

1950ರ ದಶಕದ ಆರಂಭದವರೆಗೆ ಚಲನಚಿತ್ರಗಳಿಗೆ ನೈಟ್ರೇಟ್ ಫಿಲ್ಮ್ ಬಳಕೆಯಲ್ಲಿತ್ತು. ಅದು ಸುಲಭವಾಗಿ ಬೆಂಕಿ ಹತ್ತಿಕೊಳ್ಳುವ ವಸ್ತು. ಅದರ ಬದಲಿಗೆ ಬಂದ ಅಸಿಟೇಟ್ ಫಿಲ್ಮ್‌ಗೆ ಬೆಂಕಿಯ ಭಯ ಕಡಿಮೆಯಾದರೂ, ಬಿಸಿ ಮತ್ತು ತೇವಾಂಶದಲ್ಲಿ ಅದು ವಿಘಟನೆಗೊಂಡು ಅಸಿಟಿಕ್ ಆಮ್ಲವನ್ನು ಬಿಡುಗಡೆ ಮಾಡುತ್ತದೆ. ಡಬ್ಬಿ ತೆರೆದಾಗ ವಿನೆಗರ್‌ನ ವಾಸನೆ ಬರುವುದರಿಂದ ಇದನ್ನು ‘ವಿನೆಗರ್ ಸಿಂಡ್ರೋಮ್’ ಎನ್ನುತ್ತಾರೆ. ಹೀಗಾದ ಫಿಲ್ಮ್ ಕುಗ್ಗಿ, ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ಕೊನೆಗೆ ಬಿಡಿಸಲಾಗದ ಮುದ್ದೆಯಾಗುತ್ತದೆ. ಕಪ್ಪು-ಬಿಳುಪು ಚಿತ್ರದ ಬಿಂಬ ಬೆಳ್ಳಿಯ ಕಣಗಳಿಂದ ಆದುದರಿಂದ ಹೆಚ್ಚು ಕಾಲ ಉಳಿಯುತ್ತದೆ. ವರ್ಣಚಿತ್ರಗಳ ಬಿಂಬ ರಾಸಾಯನಿಕ ಬಣ್ಣಗಳಿಂದ ಆದುದು. ಅವು ಬೇರೆ ಬೇರೆ ವೇಗದಲ್ಲಿ ಮಾಸುವುದರಿಂದ ಅನೇಕ ಹಳೆಯ ಈಸ್ಟ್‌ಮನ್‌ಕಲರ್ ಪ್ರತಿಗಳು ಇಂದು ಕೆಂಪಾಗಿ ಕಾಣುತ್ತವೆ.

ನಿರ್ಲಕ್ಷ್ಯವೂ ಇಷ್ಟೇ ದೊಡ್ಡ ಕಾರಣ. ಪ್ರದರ್ಶನದ ಅವಧಿ ಮುಗಿದ ಮೇಲೆ ಪ್ರತಿಗಳಿಂದ ಬೆಳ್ಳಿಯನ್ನು ತೆಗೆದು ಮಾರುವುದು ಭಾರತದಲ್ಲಿ ರೂಢಿಯಲ್ಲಿತ್ತು. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನಾದ ಒಂದು ಪ್ರತಿಯೂ ಉಳಿದಿಲ್ಲ. ಭಾರತದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಪುಣೆಯಲ್ಲಿ ಸ್ಥಾಪನೆಯಾದದ್ದು ಅದಾದ 30 ವರ್ಷಗಳ ನಂತರ, 1964ರಲ್ಲಿ.

ವಿಧಾನ

ಪುನಃಸ್ಥಾಪನೆಯ ಮೊದಲ ಹಂತ ಮೂಲವಸ್ತುಗಳ ಹುಡುಕಾಟ. ಕ್ಯಾಮೆರಾದಲ್ಲಿ ಓಡಿದ ಮೂಲ ನೆಗೆಟಿವ್ ಅತ್ಯುತ್ತಮ ಆಕರ. ಅದು ದೊರೆಯದಿದ್ದರೆ ಅದರಿಂದ ಮಾಡಿದ ಮಧ್ಯಂತರ ಪ್ರತಿಗಳನ್ನು, ಅವೂ ಇಲ್ಲದಿದ್ದರೆ ಚಿತ್ರಮಂದಿರಗಳಲ್ಲಿ ಓಡಿದ ಪ್ರತಿಗಳನ್ನು ಬಳಸಲಾಗುತ್ತದೆ. ನಕಲಿನ ಪ್ರತಿ ಹಂತದಲ್ಲೂ ಬಿಂಬದ ಸೂಕ್ಷ್ಮ ವಿವರಗಳು ಕಡಿಮೆಯಾಗುತ್ತವೆ. ಹರಿದ ಅಂಚುಗಳನ್ನು ಕೈಯಿಂದ ದುರಸ್ತಿ ಮಾಡಿ, ಫಿಲ್ಮನ್ನು ತೊಳೆದು, ಪ್ರತಿ ಚೌಕಟ್ಟನ್ನೂ ಸ್ಕ್ಯಾನ್ ಮಾಡುತ್ತಾರೆ. ಸೆಕೆಂಡಿಗೆ 24 ಚೌಕಟ್ಟುಗಳಂತೆ ಎರಡು ಗಂಟೆಯ ಚಿತ್ರದಲ್ಲಿ 1,72,800 ಚೌಕಟ್ಟುಗಳಿರುತ್ತವೆ. ಬಳಿಕ ಗೀರು, ಧೂಳು, ಬೂಷ್ಟಿನ ಕಲೆ ಮತ್ತು ಅಲುಗಾಟವನ್ನು ಗಣಕಯಂತ್ರದಲ್ಲಿ ಸರಿಪಡಿಸಲಾಗುತ್ತದೆ.

ಇಲ್ಲಿ ಎಲ್ಲಿ ನಿಲ್ಲಬೇಕು ಎಂಬುದು ಮುಖ್ಯ ಪ್ರಶ್ನೆ. ಗೀರು ಮತ್ತು ಧೂಳು ನಂತರ ಬಂದ ಹಾನಿ. ಫಿಲ್ಮಿನ ಕಣಗಳು ಬಿಂಬದ್ದೇ ಭಾಗ. ಕಣಗಳನ್ನು ಅಳಿಸಿದರೆ ಚಿತ್ರ ನುಣುಪಾಗುತ್ತದೆ, ಜೊತೆಗೆ ಮುಖದ ಸುಕ್ಕು ಮತ್ತು ಬಟ್ಟೆಯ ನೇಯ್ಗೆಯಂತಹ ವಿವರಗಳೂ ಅಳಿಸಿಹೋಗುತ್ತವೆ. ಚೌಕಟ್ಟಿನ ಅನುಪಾತವನ್ನು ಬದಲಿಸುವುದೂ ಇಂತಹುದೇ. ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರ ಸೊಸೆ ತಂದ ಸೌಭಾಗ್ಯ 1977ರಲ್ಲಿ ತೆರೆಕಂಡಿತು. ಅದಕ್ಕೂ ಹಿಂದಿನ ಚಿತ್ರವನ್ನು ಆ ಅಗಲಕ್ಕೆ ಹೊಂದಿಸಬೇಕಾದರೆ ಬಿಂಬದ ಮೇಲ್ಭಾಗ ಮತ್ತು ಕೆಳಭಾಗವನ್ನು ಕತ್ತರಿಸಬೇಕಾಗುತ್ತದೆ.

ಹಳೆಯ ಚಿತ್ರಗಳ ಧ್ವನಿ ಫಿಲ್ಮಿನ ಅಂಚಿನಲ್ಲಿ ಬೆಳಕಿನ ಪಟ್ಟಿಯಾಗಿ ಮುದ್ರಿತವಾಗಿರುತ್ತದೆ. ಆ ಕಾಲದ ಚಿತ್ರಮಂದಿರಗಳ ಧ್ವನಿವ್ಯವಸ್ಥೆ ಎತ್ತರದ ಸ್ವರಗಳನ್ನು ತಗ್ಗಿಸಿ ಕೇಳಿಸುತ್ತಿದ್ದುದರಿಂದ ಪಟ್ಟಿಯ ‘ಸುಯ್’ ಎಂಬ ಸದ್ದು ಪ್ರೇಕ್ಷಕರಿಗೆ ಅಷ್ಟಾಗಿ ಕೇಳುತ್ತಿರಲಿಲ್ಲ. ಅದೇ ಪಟ್ಟಿಯನ್ನು ಇಂದಿನ ಸ್ಪೀಕರಿನಲ್ಲಿ ನೇರವಾಗಿ ಕೇಳಿದರೆ ಆ ಸದ್ದು ಎದ್ದು ತೋರುತ್ತದೆ. ಅದನ್ನು ಪೂರ್ಣವಾಗಿ ತೆಗೆಯಲು ಹೋದರೆ ಮಾತಿನ ಉಸಿರೂ ವಾದ್ಯಗಳ ಝೇಂಕಾರವೂ ಕಳೆದುಹೋಗುತ್ತವೆ.

ಅಭಿಮಾನಿಗಳ ಪುನಃಸ್ಥಾಪನೆ

ಹಕ್ಕುದಾರರೇ ಮೂಲರೂಪವನ್ನು ಹಿಂತೆಗೆದುಕೊಂಡಾಗ ಅಭಿಮಾನಿಗಳು ಈ ಕಾರ್ಯಕ್ಕೆ ಇಳಿದ ಪ್ರಸಿದ್ಧ ಉದಾಹರಣೆ ಜಾರ್ಜ್ ಲ್ಯೂಕಸ್ ನಿರ್ದೇಶನದ ಸ್ಟಾರ್ ವಾರ್ಸ್ (1977). ಲ್ಯೂಕಸ್ 1997ರಲ್ಲಿ ಹೊಸ ದೃಶ್ಯಗಳನ್ನೂ ಗಣಕಯಂತ್ರದ ಚಿತ್ರಣವನ್ನೂ ಸೇರಿಸಿ ವಿಶೇಷ ಆವೃತ್ತಿಯನ್ನು ಬಿಡುಗಡೆ ಮಾಡಿದರು. 2006ರಲ್ಲಿ ಹಳೆಯ ರೂಪ ಡಿವಿಡಿಯಲ್ಲಿ ಬಂದರೂ, ಅದು ಲೇಸರ್‌ಡಿಸ್ಕ್‌ಗಾಗಿ ಸಿದ್ಧಪಡಿಸಿದ್ದ ಹಳೆಯ ಪ್ರತಿಯಿಂದ ತೆಗೆದದ್ದಾಗಿತ್ತು. ಜೆಕ್ ದೇಶದ ಪೆಟ್ರ್ ಹರ್ಮಾಚೆಕ್ ಹಲವು ಆಕರಗಳನ್ನು ಜೋಡಿಸಿ ‘ಡಿಸ್ಪೆಷಲೈಸ್ಡ್’ ಆವೃತ್ತಿಯನ್ನು ಸಿದ್ಧಪಡಿಸಿದರು. ಮತ್ತೊಂದು ಗುಂಪು 1977ರ 35 ಮಿ.ಮೀ. ಟೆಕ್ನಿಕಲರ್ ಪ್ರತಿಯನ್ನು ಸ್ಕ್ಯಾನ್ ಮಾಡಿ ‘4ಕೆ77’ ಎಂಬ ಆವೃತ್ತಿಯನ್ನು ರೂಪಿಸಿತು. ಇವು ಹಕ್ಕುದಾರರ ಅನುಮತಿಯಿಲ್ಲದೆ ಆದ ಕೆಲಸಗಳಾದ್ದರಿಂದ ಇವುಗಳನ್ನು ಅಧಿಕೃತವಾಗಿ ಪ್ರದರ್ಶಿಸಲಾಗದು.

ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯಂತೆ, ಚಲನಚಿತ್ರವೊಂದರ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದ ಆರಂಭದಿಂದ 60 ವರ್ಷ ಉಳಿಯುತ್ತದೆ.

ಘಟಶ್ರಾದ್ಧ

ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ ಘಟಶ್ರಾದ್ಧ ಕಾಸರವಳ್ಳಿಯವರ ಮೊದಲ ಕಥಾಚಿತ್ರ. ಸದಾನಂದ ಸುವರ್ಣ ಇದರ ನಿರ್ಮಾಪಕರು. ಎಸ್. ರಾಮಚಂದ್ರ ಅವರ ಕಪ್ಪು-ಬಿಳುಪು ಛಾಯಾಗ್ರಹಣ ಹಾಗೂ ಬಿ. ವಿ. ಕಾರಂತರ ಸಂಗೀತ ಇದಕ್ಕಿದೆ. ಮಲೆನಾಡಿನ ಅಗ್ರಹಾರವೊಂದರ ವೇದಪಾಠಶಾಲೆಗೆ ಬಂದ ಬಾಲಕ ನಾಣಿ ಮತ್ತು ಗುರುವಿನ ವಿಧವೆ ಮಗಳು ಯಮುನಾ ಇದರ ಮುಖ್ಯ ಪಾತ್ರಗಳು. ಚಿತ್ರವು ಅತ್ಯುತ್ತಮ ಕಥಾಚಿತ್ರಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆಯಿತು; ಕಾರಂತರ ಸಂಗೀತಕ್ಕೂ ಬಾಲನಟ ಅಜಿತ್ ಕುಮಾರ್ ಅವರಿಗೂ ಪ್ರಶಸ್ತಿಗಳು ಬಂದವು.

ಮಾರ್ಟಿನ್ ಸ್ಕಾರ್ಸೆಸಿ ಸ್ಥಾಪಿಸಿದ ಫಿಲ್ಮ್ ಫೌಂಡೇಶನ್‌ನ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಮತ್ತು ಶಿವೇಂದ್ರ ಸಿಂಗ್ ಡುಂಗರ್‌ಪುರ್ ಮುಂಬೈಯಲ್ಲಿ ಸ್ಥಾಪಿಸಿದ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ ಈ ಚಿತ್ರವನ್ನು ಪುನಃಸ್ಥಾಪಿಸಿದವು. ಪುಣೆಯ ಸಂಗ್ರಹಾಲಯದಲ್ಲಿ ಮೂಲ ನೆಗೆಟಿವ್ ಉಳಿದಿದ್ದುದರಿಂದ ಅದನ್ನೇ ಆಕರವಾಗಿ ಬಳಸುವುದು ಸಾಧ್ಯವಾಯಿತು. ಇಟಲಿಯ ಬೊಲೊನ್ಯಾ ನಗರದ ಲಿಮ್ಮಾಜಿನೆ ರಿತ್ರೊವಾತಾ ಪ್ರಯೋಗಾಲಯದಲ್ಲಿ ಕೆಲಸ ನಡೆಯಿತು. 1993ರಲ್ಲಿ ಲಂಡನ್ನಿನ ಬೆಂಕಿ ಅವಘಡದಲ್ಲಿ ಸುಟ್ಟ ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯದ ನೆಗೆಟಿವ್‌ಗಳನ್ನು ದುರಸ್ತಿ ಮಾಡಿದ್ದೂ ಇದೇ ಪ್ರಯೋಗಾಲಯ. ಘಟಶ್ರಾದ್ಧದ ಪುನಃಸ್ಥಾಪನೆಗೆ ಹಣ ಒದಗಿಸಿದ್ದು ಹಾಬ್ಸನ್/ಲ್ಯೂಕಸ್ ಫ್ಯಾಮಿಲಿ ಫೌಂಡೇಶನ್, ಅಂದರೆ ಅದೇ ವರ್ಷದ ಸ್ಟಾರ್ ವಾರ್ಸ್ ಚಿತ್ರವನ್ನು ಬದಲಾಯಿಸಿದ ಲ್ಯೂಕಸ್ ಅವರ ಕುಟುಂಬದ ಪ್ರತಿಷ್ಠಾನ.

ಛಾಯಾಗ್ರಾಹಕ ರಾಮಚಂದ್ರ 2011ರಲ್ಲಿಯೇ ನಿಧನರಾಗಿದ್ದರು. ಆದುದರಿಂದ ಚಿತ್ರದ ಮೂಲ ನೋಟವನ್ನು ಬಲ್ಲ ನಿರ್ದೇಶಕ ಹಾಗೂ ನಿರ್ಮಾಪಕರ ಸಹಭಾಗಿತ್ವ ಮುಖ್ಯವಾಯಿತು. ಸುವರ್ಣ ಅವರು 2024ರ ಜುಲೈಯಲ್ಲಿ ತೀರಿಕೊಂಡರು. ಕೆಲವೇ ವಾರಗಳ ಬಳಿಕ, 81ನೆಯ ವೆನಿಸ್ ಚಲನಚಿತ್ರೋತ್ಸವದ ‘ವೆನಿಸ್ ಕ್ಲಾಸಿಕ್ಸ್’ ವಿಭಾಗದಲ್ಲಿ ಪುನಃಸ್ಥಾಪಿತ ಚಿತ್ರ ಮೊದಲ ಪ್ರದರ್ಶನ ಕಂಡಿತು.

ಬಣ್ಣದ ಆವೃತ್ತಿಗಳು

ರಾಜ್‌ಕುಮಾರ್ ಅಭಿನಯದ ಸತ್ಯ ಹರಿಶ್ಚಂದ್ರ 2008ರಲ್ಲಿಯೂ ಕಸ್ತೂರಿ ನಿವಾಸ 2014ರಲ್ಲಿಯೂ ಬಣ್ಣ ತುಂಬಿಸಿಕೊಂಡು ಮತ್ತೆ ತೆರೆಕಂಡವು. ಪುಟ್ಟಣ್ಣ ಕಣಗಾಲ್ ನಿರ್ದೇಶನದ ವರ್ಣಚಿತ್ರ ನಾಗರಹಾವು (1972) ಡಿಜಿಟಲ್ ರೂಪದಲ್ಲಿ, 7.1 ಧ್ವನಿಯೊಂದಿಗೆ 2018ರ ಜುಲೈಯಲ್ಲಿ ಮರುಬಿಡುಗಡೆಯಾಯಿತು. ಈ ಆವೃತ್ತಿಗಳು ಹಳೆಯ ಚಿತ್ರಗಳನ್ನು ಹೊಸ ಪೀಳಿಗೆಯ ಪ್ರೇಕ್ಷಕರಿಗೆ ದೊಡ್ಡ ಪರದೆಯಲ್ಲಿ ತಲುಪಿಸಿದವು. ಆದರೆ ಕಪ್ಪು-ಬಿಳುಪು ಚಿತ್ರದ ಬೆಳಕು, ಉಡುಪು ಮತ್ತು ಪ್ರಸಾಧನಗಳನ್ನು ಬೂದು ಛಾಯೆಗಳಿಗೆ ತಕ್ಕಂತೆ ಆಯ್ದುಕೊಂಡಿರುತ್ತಾರೆ. ಮೇಲೆ ಹಚ್ಚಿದ ಬಣ್ಣ ನಂತರದವರ ಆಯ್ಕೆ. ಅದು ಮೊದಲು ಇದ್ದುದರ ಮರಳಿಕೆಯಲ್ಲ. ಬಣ್ಣದ ಆವೃತ್ತಿಯೊಂದಿಗೆ ಕಪ್ಪು-ಬಿಳುಪು ಆವೃತ್ತಿಯೂ ದೊರೆಯುವಂತೆ ಉಳಿದರೆ ನಷ್ಟವಿಲ್ಲ, ಹೊಸದು ಹಳೆಯದರ ಸ್ಥಾನವನ್ನೇ ಆಕ್ರಮಿಸಿದಾಗ ಮೂಲ ಮರೆಯಾಗುತ್ತದೆ. 1988ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಇಂತಹ ಮಾರ್ಪಾಡುಗಳ ವಿರುದ್ಧ ಹೇಳಿಕೆ ನೀಡಿದವರಲ್ಲಿ ಲ್ಯೂಕಸ್ ಅವರೂ ಒಬ್ಬರು.

ಶೋಲೆ ಮತ್ತು ಮೂಲರೂಪದ ಪ್ರಶ್ನೆ

ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡ ಹಿಂದಿ ಚಿತ್ರ ಶೋಲೆ (1975) ಮೂಲರೂಪ ಯಾವುದು ಎಂಬ ಪ್ರಶ್ನೆಯನ್ನು ಇನ್ನೊಂದು ರೀತಿಯಲ್ಲಿ ಮುಂದಿಡುತ್ತದೆ. 35 ಮಿ.ಮೀ.ನಲ್ಲಿ ಚಿತ್ರೀಕರಿಸಿದ ಇದನ್ನು 70 ಮಿ.ಮೀ.ಗೆ ಹಿಗ್ಗಿಸಿ ತೋರಿಸಲಾಗಿತ್ತು. ಮೂಲ ನೆಗೆಟಿವ್ ತೀವ್ರವಾಗಿ ಹಾಳಾಗಿದ್ದರಿಂದ ಬೇರೆ ಆಕರಗಳನ್ನು ಅವಲಂಬಿಸಿ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸಿದ್ಧಪಡಿಸಿದ ಆವೃತ್ತಿ 2025ರ ಜೂನ್‌ನಲ್ಲಿ ಬೊಲೊನ್ಯಾದಲ್ಲಿ ಪ್ರದರ್ಶನಗೊಂಡಿತು. ಅದರಲ್ಲಿ 70 ಮಿ.ಮೀ. ಪ್ರದರ್ಶನದ 2.2:1 ಅನುಪಾತವನ್ನು ಮರಳಿ ತರಲಾಯಿತು. ಜೊತೆಗೆ, ತುರ್ತುಪರಿಸ್ಥಿತಿಯ ಕಾಲದ ಸೆನ್ಸಾರ್ ಆಕ್ಷೇಪದಿಂದ ಕೈಬಿಟ್ಟಿದ್ದ, ಗಬ್ಬರ್ ಸಿಂಗ್ ಸಾಯುವ ಅಂತ್ಯವನ್ನೂ ಸೇರಿಸಲಾಯಿತು. ಈ ಅಂತ್ಯ ನಿರ್ದೇಶಕ ರಮೇಶ್ ಸಿಪ್ಪಿಯವರ ಮೂಲ ಆಶಯ. ಆದರೆ 1975ರ ಪ್ರೇಕ್ಷಕರು ಚಿತ್ರಮಂದಿರದಲ್ಲಿ ಕಂಡದ್ದು ಅದಲ್ಲ. ಕರ್ತೃವಿನ ಆಶಯ ಮತ್ತು ಪ್ರೇಕ್ಷಕರ ನೆನಪು ಹೀಗೆ ಬೇರೆಯಾದಾಗ, ಯಾವುದನ್ನು ಪುನಃಸ್ಥಾಪಿಸಲಾಗಿದೆ ಎಂಬುದನ್ನು ಸ್ಪಷ್ಟಪಡಿಸಿ, ಎರಡೂ ರೂಪಗಳ ಆಕರಗಳನ್ನು ಕಾಪಾಡಬೇಕಾಗುತ್ತದೆ.

ಸರ್ಕಾರದ ಯೋಜನೆ

ಭಾರತ ಸರ್ಕಾರವು ರಾಷ್ಟ್ರೀಯ ಚಲನಚಿತ್ರ ಪರಂಪರೆ ಯೋಜನೆಯಡಿ ಸುಮಾರು 2,200 ಚಿತ್ರಗಳ ಪುನಃಸ್ಥಾಪನೆಗೆ 363 ಕೋಟಿ ರೂಪಾಯಿಗಳನ್ನು 2022ರಲ್ಲಿ ಘೋಷಿಸಿತು. ಡಿಜಿಟಲ್ ಪ್ರತಿ ಸಿದ್ಧವಾದ ಮೇಲೂ ಫಿಲ್ಮಿನ ಮೂಲವನ್ನು ತಂಪಾದ, ಒಣ ಕೋಣೆಯಲ್ಲಿ ಉಳಿಸಿಕೊಳ್ಳುವುದು ಅಗತ್ಯ. ಡಿಜಿಟಲ್ ಕಡತಗಳನ್ನು ಕಾಲಕಾಲಕ್ಕೆ ಹೊಸ ಮಾಧ್ಯಮಕ್ಕೆ ವರ್ಗಾಯಿಸದಿದ್ದರೆ ಅವೂ ಓದಲಾಗದಂತಾಗುತ್ತವೆ. ಮುಂದೆ ಉತ್ತಮ ತಂತ್ರಜ್ಞಾನ ಬಂದಾಗ ಮರಳಿ ಸ್ಕ್ಯಾನ್ ಮಾಡಲು ಮೂಲ ನೆಗೆಟಿವ್ ಉಳಿದಿರಬೇಕು.