ರಸೀದಿ ಪುಸ್ತಕದ ಹಿಂದೆ: ಸಂಬಳವೋ, ಪಾಲೋ?

ರಸೀದಿ ಪುಸ್ತಕ ಹಿಡಿದವರು ಅಂಗಡಿ ಮೆಟ್ಟಿಲು ಹತ್ತಿದರೆ ಯಜಮಾನರಿಗೆ ಏಳುವ ಪ್ರಶ್ನೆ ಒಂದೇ: ಕೊಟ್ಟ ನೂರರಲ್ಲಿ ಅನಾಥಾಲಯಕ್ಕೆ ಸೇರೋದು ಎಷ್ಟು, ಇವರ ಜೇಬಿಗೆ ಎಷ್ಟು?

ಈ ಪ್ರಶ್ನೆ ಅಮೆರಿಕದಲ್ಲೂ ಎದ್ದಿತ್ತು. ಆಸ್ಪತ್ರೆ, ಕಾಲೇಜುಗಳಿಗೆ ಚಂದಾ ಎತ್ತಲು ದಾರಿ ಹೇಳಿಕೊಡುವುದೇ ಅಲ್ಲಿ ಒಂದು ಕಸುಬು. ವೈ.ಎಂ.ಸಿ.ಎ.ಗೆ ಹಣ ಕೂಡಿಸಿ ಹೆಸರಾದ ಚಾರ್ಲ್ಸ್ ವಾರ್ಡ್ 1919ರಲ್ಲಿ ಪಾಲುದಾರರ ಜತೆ ಇದಕ್ಕೆಂದೇ ಕಂಪನಿ ತೆರೆದ. ಕಸುಬು ಬೆಳೆಯಿತು. ಜತೆಗೇ ಕಮಿಷನ್ ಗಿರಾಕಿಗಳೂ ಹುಟ್ಟಿಕೊಂಡರು.

1935ರಲ್ಲಿ ಇಂಥ ಕಂಪನಿಗಳು ಸಂಘ ಕಟ್ಟಿ ಕಟ್ಟಳೆ ಹಾಕಿಕೊಂಡವು: ಕೂಡಿದ ಹಣದಲ್ಲಿ ಪಾಲಿಲ್ಲ, ಮೊದಲೇ ಗೊತ್ತು ಮಾಡಿದ ಫೀಸು ಮಾತ್ರ.

ಕಾರಣ ಸರಳ. ಪಾಲು ಸಿಗುತ್ತೆ ಅಂದರೆ ಕೇಳುವವ ಗಂಟುಬೀಳ್ತಾನೆ, ಕಣ್ಣೀರಿನ ಕಥೆಗೆ ಉಪ್ಪುಖಾರ ಹಚ್ಚುತ್ತಾನೆ. ಒಮ್ಮೆ ಮೋಸ ಹೋದ ದಾನಿ ಮತ್ತೆ ಆ ಕಡೆ ತಲೆ ಹಾಕೋಲ್ಲ. ನಷ್ಟ ಕಸುಬಿಗಲ್ಲ, ಅನಾಥರಿಗೆ.

ಆದರೆ ಕೈಯಲ್ಲಿ ಕಾಸಿಲ್ಲದ ಸಣ್ಣ ಸಂಸ್ಥೆ ಫೀಸು ತರೋದೆಲ್ಲಿಂದ? 'ಬಂದಿದ್ದರಲ್ಲಿ ಕೊಡಿ ಸಾಕು' ಎನ್ನುವವರಿಗೆ ಅದು ಬಲಿ ಬೀಳುವುದೂ ಇಲ್ಲೇ. ಆದರೂ ಅಲ್ಲಿನ ಚಂದಾ ಕಸುಬುದಾರರ ನೀತಿಸಂಹಿತೆ ಇಂದಿಗೂ ಕಮಿಷನ್ನಿಗೆ ಒಪ್ಪಿಲ್ಲ.

ನಮ್ಮ ಬೀದಿಯಲ್ಲಿ ರಸೀದಿ ಹರಿಯುವವರನ್ನೂ ಒಮ್ಮೆ ಕೇಳಿ ನೋಡಬಹುದು: ಸ್ವಾಮಿ, ನಿಮ್ಮದು ಸಂಬಳವೋ, ಪಾಲೋ?