ಶುಶ್ರೂಷಾ ಶಿಕ್ಷಣವೂ ಸೋಂಕಿನ ನಿವಾರಣೆಯೂ

ರೋಗವನ್ನು ನೀಗಿಕೊಳ್ಳಲೆಂದು ಆಸ್ಪತ್ರೆಗೆ ಹೋದವನು ಅಲ್ಲಿಂದಲೇ ಇನ್ನೊಂದು ರೋಗವನ್ನು ಕಟ್ಟಿಕೊಂಡು ಬರುವುದೆಂದರೆ ಬೇಲಿಯೇ ಎದ್ದು ಹೊಲವನ್ನು ಮೇಯ್ದಂತಾಯಿತು. ಇದು ಉತ್ಪ್ರೇಕ್ಷೆಯ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಪ್ರಕಟಿಸಿದ ವರದಿಯ ಮೇರೆಗೆ, ತೀವ್ರ ಚಿಕಿತ್ಸೆಗಾಗಿ ಆಸ್ಪತ್ರೆಗೆ ಸೇರಿದ ಪ್ರತಿ 100 ಮಂದಿ ರೋಗಿಗಳಲ್ಲಿ, ಸಿರಿವಂತ ದೇಶಗಳಲ್ಲಾದರೆ 7 ಮಂದಿಗೂ, ಮಧ್ಯಮ ಹಾಗೂ ಕಡಿಮೆ ವರಮಾನದ ದೇಶಗಳಲ್ಲಾದರೆ 15 ಮಂದಿಗೂ ಆಸ್ಪತ್ರೆಯಲ್ಲಿಯೇ ಹೊಸ ಸೋಂಕು ತಗಲುತ್ತದೆ. ಹಾಗೆ ಸೋಂಕಿಗೆ ಈಡಾದವರಲ್ಲಿ ಹತ್ತರಲ್ಲಿ ಒಬ್ಬರು ಬದುಕಿ ಮನೆಗೆ ಹಿಂದಿರುಗುವುದಿಲ್ಲ. ಸರಿಯಾದ ಕ್ರಮಗಳನ್ನು ಪಾಲಿಸಿದಲ್ಲಿ ಇಂಥ ಸೋಂಕುಗಳಲ್ಲಿ ನೂರಕ್ಕೆ 70ರವರೆಗೆ ತಡೆಯಬಹುದೆಂದು ಅದೇ ವರದಿಯು ಸಾರುತ್ತದೆ. ಯಮನ ಪಾಲಾಗುವ ಇಷ್ಟೊಂದು ಜೀವಗಳನ್ನು ಉಳಿಸುವ ಉಪಾಯವು ಕೈಗೆಟುಕುವಂತಿದ್ದರೂ ನಾವು ಕೈಚೆಲ್ಲಿ ಕುಳಿತರೆ ದೋಷವು ಯಾರದು?

ವೈದ್ಯನು ರೋಗಿಯ ಬಳಿ ನಿಲ್ಲುವುದು ಕೆಲವು ನಿಮಿಷ ಮಾತ್ರ. ಗಾಯ ತೊಳೆದು ಪಟ್ಟಿ ಕಟ್ಟುವುದು, ಸೂಜಿ ಚುಚ್ಚುವುದು, ಮೂತ್ರನಾಳದ ಕೊಳವೆಯನ್ನು ನೋಡಿಕೊಳ್ಳುವುದು, ಹಾಸಿಗೆಯನ್ನು ಬದಲಿಸುವುದು, ಇವೆಲ್ಲವೂ ದಾದಿಯ ಪಾಲಿನ ಕೆಲಸಗಳು. ಹಗಲಿರುಳೂ ಒಂದು ಹಾಸಿಗೆಯಿಂದ ಇನ್ನೊಂದು ಹಾಸಿಗೆಗೆ ಸಾಗುವುದು ಅವಳ ಕೈಯೇ. ಆ ಕೈ ಶುದ್ಧವಾಗಿದ್ದರೆ ರೋಗಿಯ ಪಾಲಿಗೆ ಅಭಯಹಸ್ತ. ಇಲ್ಲವಾದರೆ ಅದೇ ರೋಗಾಣುವಿನ ವಾಹನ. ಆದುದರಿಂದ ನರ್ಸಿಂಗ್ ಶಾಲೆಗೆ ಸೇರಿದ ವಿದ್ಯಾರ್ಥಿನಿಗೂ ವಿದ್ಯಾರ್ಥಿಗೂ ಸೋಂಕಿನ ನಿವಾರಣೆಯು ಹತ್ತು ಪಾಠಗಳಲ್ಲಿ ಹನ್ನೊಂದನೆಯದಾಗಿರದೆ, ವಾರ್ಡಿನ ಬಾಗಿಲನ್ನು ದಾಟುವುದಕ್ಕೆ ಮೊದಲೇ ಕಲಿಯತಕ್ಕ ಮೊದಲ ಪಾಠವಾಗಿರಬೇಕೆಂಬುದು ನಮ್ಮ ಅಭಿಪ್ರಾಯ.

ಈ ಪಾಠದ ಚರಿತ್ರೆಯೇ ಒಂದು ಶಿಕ್ಷಣಾಲಯದಿಂದ ಪ್ರಾರಂಭವಾಗುತ್ತದೆಂಬುದು ಗಮನಾರ್ಹವಾದುದು. ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯಲ್ಲಿ ಎರಡು ಪ್ರಸೂತಿ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳೂ, ಎರಡನೆಯದರಲ್ಲಿ ಸೂಲಗಿತ್ತಿಯರ ಶಿಕ್ಷಣಕ್ಕೆ ಬಂದ ಹೆಂಗಸರೂ ಕಲಿಯುತ್ತಿದ್ದರು. 1846ನೆಯ ವರ್ಷದಲ್ಲಿ ಮೊದಲನೆಯ ವಿಭಾಗದಲ್ಲಿ ಹೆತ್ತ ತಾಯಂದಿರಲ್ಲಿ ನೂರಕ್ಕೆ 11ಕ್ಕೂ ಮಿಕ್ಕಿ ಮಡಿದರು. ಎರಡನೆಯದರಲ್ಲಿ ಮಡಿದವರು ನೂರಕ್ಕೆ ಮೂವರಿಗಿಂತ ಕಡಿಮೆ. ಕಟ್ಟಡ ಒಂದೇ, ಊರು ಒಂದೇ, ಗಾಳಿ ಒಂದೇ. ಸಾವಿನ ಲೆಕ್ಕ ಮಾತ್ರ ಬೇರೆ. ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ತರುಣ ವೈದ್ಯನು ಈ ವಿಪರ್ಯಾಸಕ್ಕೆ ಕಾರಣವನ್ನು ಹುಡುಕತೊಡಗಿದನು. 1847ರಲ್ಲಿ ಅವನ ಸ್ನೇಹಿತನಾದ ಕೊಲೆಚ್ಕನು ಶವಪರೀಕ್ಷೆಯ ವೇಳೆ ಕತ್ತಿ ತಗಲಿ ಗಾಯಗೊಂಡು, ಬಾಣಂತಿಯರಂತೆಯೇ ನಂಜೇರಿ ಸತ್ತಾಗ ಗುಟ್ಟು ಬಯಲಾಯಿತು. ಶವಗಳನ್ನು ಕೊಯ್ದ ಕೈಯಿಂದಲೇ ವಿದ್ಯಾರ್ಥಿಗಳು ಬಸುರಿಯರನ್ನು ಮುಟ್ಟುತ್ತಿದ್ದರು. ಸೂಲಗಿತ್ತಿಯರು ಶವಗಳ ಗೊಡವೆಗೆ ಹೋಗುತ್ತಿರಲಿಲ್ಲ. ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯದೆ ಯಾರೂ ಒಳಗೆ ಬರಕೂಡದೆಂದು ಅವನು ಅದೇ ವರ್ಷದ ಮೇ ತಿಂಗಳಲ್ಲಿ ಆಜ್ಞೆಮಾಡಿದನು. 1848ರಲ್ಲಿ ಮೊದಲನೆಯ ವಿಭಾಗದ ಸಾವು ನೂರಕ್ಕೆ ಒಂದೂಕಾಲರಷ್ಟಕ್ಕೆ ಇಳಿಯಿತು. ಇಷ್ಟಾದರೂ ಅಂದಿನ ಪಂಡಿತರಲ್ಲಿ ಹಲವರು ಅವನ ಮಾತನ್ನು ಒಪ್ಪಲಿಲ್ಲ. ಆ ಮಹಾನುಭಾವನು 1865ರಲ್ಲಿ ಒಂದು ಹುಚ್ಚಾಸ್ಪತ್ರೆಯಲ್ಲಿ ಪ್ರಾಣಬಿಟ್ಟನು. ತಮ್ಮ ಕೈಯಲ್ಲಿಯೇ ದೋಷವಿದೆಯೆಂದು ಒಪ್ಪುವುದು ವಿದ್ಯಾವಂತರಿಗೆ ಎಷ್ಟು ಕಠಿಣವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆಯನ್ನು ತೆರೆದ ಫ್ಲಾರೆನ್ಸ್ ನೈಟಿಂಗೇಲರು ಗಾಳಿ, ಬೆಳಕು, ನಿರ್ಮಲತೆ ಇವನ್ನೇ ಶುಶ್ರೂಷೆಯ ಬುನಾದಿಯೆಂದು ಸಾರಿದುದನ್ನೂ ಇಲ್ಲಿ ಸ್ಮರಿಸಬೇಕು.

ಇನ್ನು ಕಲಿಸತಕ್ಕದ್ದು ಏನೆಂಬುದನ್ನು ನೋಡೋಣ. ಕೈ ತೊಳೆಯಬೇಕಾದ ಐದು ಸಂದರ್ಭಗಳನ್ನು ವಿಶ್ವ ಆರೋಗ್ಯ ಸಂಸ್ಥೆಯು 2009ರ ತನ್ನ ಮಾರ್ಗಸೂಚಿಯಲ್ಲಿ ಗೊತ್ತುಪಡಿಸಿದೆ: ರೋಗಿಯನ್ನು ಮುಟ್ಟುವ ಮೊದಲು; ಪಟ್ಟಿ ಕಟ್ಟುವುದು, ಸೂಜಿ ಚುಚ್ಚುವುದು ಮುಂತಾದ ನಿರ್ಮಲ ಕಾರ್ಯದ ಮೊದಲು; ರಕ್ತ, ಮಲಮೂತ್ರ ಮುಂತಾದ ದೇಹದ್ರವಗಳು ಸೋಕಿರಬಹುದಾದ ಮೇಲೆ; ರೋಗಿಯನ್ನು ಮುಟ್ಟಿದ ಮೇಲೆ; ಮತ್ತು ರೋಗಿಯನ್ನು ಮುಟ್ಟದಿದ್ದರೂ ಅವನ ಮಂಚ, ಮೇಜು, ಹೊದಿಕೆಗಳನ್ನು ಮುಟ್ಟಿದ ಮೇಲೆ. ಈ ಕೊನೆಯದನ್ನೇ ಜನ ಮರೆಯುವುದು ಹೆಚ್ಚು. ಮದ್ಯಸಾರದ ದ್ರವದಿಂದ ಉಜ್ಜುವುದಾದರೆ 20ರಿಂದ 30 ಸೆಕೆಂಡು, ಸಾಬೂನು ನೀರಿನಿಂದಾದರೆ 40ರಿಂದ 60 ಸೆಕೆಂಡು ಬೇಕು. ಕೈ ಕೊಳೆಯಾಗಿ ಕಾಣುವಾಗಲೂ, ಬೇಧಿಯನ್ನುಂಟುಮಾಡುವ ಕೆಲವು ರೋಗಾಣುಗಳ ಗಟ್ಟಿ ಬೀಜಕಗಳ ವಿಷಯದಲ್ಲಿಯೂ ಮದ್ಯಸಾರವು ಸಾಲದು. ಸಾಬೂನು ಮತ್ತು ಹರಿಯುವ ನೀರೇ ಗತಿ. ಇಂಥ ಭೇದವನ್ನು ಕಾರಣಸಹಿತವಾಗಿ ಅರಿತ ವಿದ್ಯಾರ್ಥಿನಿಯು ನಿಯಮವನ್ನು ಮರೆಯಳು. ಬಾಯಿಪಾಠ ಮಾಡಿದವಳು ಪರೀಕ್ಷೆಯ ಮರುದಿನವೇ ಮರೆಯುವಳು.

ಕಲಿಸುವ ರೀತಿಯಲ್ಲಿಯೇ ನಮ್ಮ ಕೊರತೆಯಿದೆ. ಉಪಾಧ್ಯಾಯರು ಟಿಪ್ಪಣಿ ಹೇಳಿಸಿ ಬರೆಯಿಸುವುದು, ವಿದ್ಯಾರ್ಥಿಗಳು ಅದನ್ನೇ ಉತ್ತರಪತ್ರಿಕೆಯಲ್ಲಿ ಒಪ್ಪಿಸುವುದು, ಇದು ನಮ್ಮ ಶಾಲೆಗಳಿಗೆ ಹಿಡಿದ ಹಳೆಯ ಜಾಡ್ಯ. ಈಜುವುದನ್ನು ಕರಿಹಲಗೆಯ ಮೇಲೆ ಕಲಿಸಲಾದೀತೇ? 1978ರಲ್ಲಿ ಇಂಗ್ಲೆಂಡಿನ ಲಿಂಡಾ ಟೇಲರ್ ಎಂಬವರು ಶುಶ್ರೂಷಕರ ಕೈಗೆ ಬಣ್ಣ ಹಚ್ಚಿಸಿ ಪರೀಕ್ಷಿಸಿದಾಗ, ತೊಳೆದೆವೆಂದುಕೊಂಡ ಕೈಗಳಲ್ಲಿಯೂ ಹೆಬ್ಬೆರಳು, ಬೆರಳ ತುದಿ, ಬೆರಳ ಸಂದು ಇವು ಬಿಟ್ಟುಹೋಗಿದ್ದುದು ಕಂಡಿತು. ರೋಗಿಯನ್ನು ಮೊದಲು ಮುಟ್ಟುವುದು ಬೆರಳ ತುದಿಯೇ ಅಲ್ಲವೇ? ಈಗ ನೇರಳಾತೀತ ದೀಪದ ಕೆಳಗೆ ಹೊಳೆಯುವ ಒಂದು ಬಗೆಯ ಲೇಪವನ್ನು ಹಚ್ಚಿ, ಕೈ ತೊಳೆಯಿಸಿ, ದೀಪದ ಕೆಳಗೆ ಹಿಡಿಸಿದರೆ ಬಿಟ್ಟುಹೋದ ಎಡೆಗಳೆಲ್ಲ ಮಿನುಗುತ್ತವೆ. ಒಂದು ತಾಸಿನ ಉಪನ್ಯಾಸವು ಮಾಡದ ಕೆಲಸವನ್ನು ತನ್ನ ಕೈಯಲ್ಲಿಯೇ ಮಿನುಗುವ ಆ ಕಲೆಯು ಒಂದು ನಿಮಿಷದಲ್ಲಿ ಮಾಡುತ್ತದೆ. ಉಂಗುರ, ಕೈಗಡಿಯಾರ, ಬಳೆಗಳನ್ನು ತೆಗೆದಿಟ್ಟು ವಾರ್ಡಿಗೆ ಹೋಗಬೇಕೆಂದು ಬೆತ್ತ ಹಿಡಿದು ಹೇಳುವ ಬದಲು, ಅವುಗಳ ಕೆಳಗೆ ಏನು ಉಳಿಯುವುದೆಂಬುದನ್ನು ಹೀಗೆ ತೋರಿಸಿಕೊಟ್ಟರೆ ಮನವರಿಕೆಯಾದೀತು.

ರೋಗವು ಇಂಥದೆಂದು ಗೊತ್ತಾದ ಮೇಲೆ ಜಾಗರೂಕತೆ ವಹಿಸಿದರಾಯಿತೆಂಬ ಭ್ರಮೆಯು ಅತ್ಯಂತ ಅಪಾಯಕರವಾದುದು. ನಮ್ಮ ನೆರೆಯ ಕೇರಳದ ಕೋಳಿಕ್ಕೋಡು ಜಿಲ್ಲೆಯಲ್ಲಿ 2018ರ ಮೇ ತಿಂಗಳಲ್ಲಿ ನಿಪಾ ಜ್ವರವು ಕಾಣಿಸಿಕೊಂಡಾಗ, ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯ ದಾದಿ ಲಿನಿಯವರು, ಬಂದಿರುವ ರೋಗವಾವುದೆಂದು ಯಾರಿಗೂ ತಿಳಿಯುವ ಮೊದಲೇ ಮೊದಲ ರೋಗಿಗೆ ಆರೈಕೆ ಮಾಡಿ, ತಾವೂ ಆ ಜ್ವರಕ್ಕೆ ತುತ್ತಾದರು. ಆ ಸಲ ಸೋಂಕು ತಗಲಿದವರಲ್ಲಿ ಬಹುಮಂದಿಗೆ ಅದು ತಗಲಿದುದು ಆಸ್ಪತ್ರೆಗಳಲ್ಲಿಯೇ. ರೋಗವು ಹೆಸರು ಹೇಳಿಕೊಂಡು ಬಾಗಿಲು ತಟ್ಟುವುದಿಲ್ಲ. ಆದಕಾರಣವೇ ಪ್ರತಿಯೊಬ್ಬ ರೋಗಿಯ ರಕ್ತವೂ ದೇಹದ್ರವಗಳೂ ಸೋಂಕುಳ್ಳವೆಂದು ಭಾವಿಸಿ, ಎಲ್ಲರ ವಿಷಯದಲ್ಲಿಯೂ ಒಂದೇ ಬಗೆಯ ಮುನ್ನೆಚ್ಚರಿಕೆಯನ್ನು ಪಾಲಿಸಬೇಕೆಂಬುದು ಈಗಿನ ಶಾಸ್ತ್ರದ ಮೂಲಸೂತ್ರ. 2020ರಲ್ಲಿ ಕೋವಿಡ್ ಮಾರಿಯು ಬಂದಾಗ ಮೈಗವಸು, ಮುಖಗವಸುಗಳನ್ನು ತೊಡುವುದಕ್ಕಿಂತ ಕಳಚುವುದೇ ಕಠಿಣವೆಂಬ ಪಾಠವನ್ನು ಜಗತ್ತೆಲ್ಲ ಕಲಿಯಿತು. ಏಕೆಂದರೆ ಸೋಂಕು ಅಂಟಿರುವುದು ಅವುಗಳ ಹೊರಮೈಗೆ. ಕೈಗವಸು ತೊಟ್ಟವಳು ಕೈ ತೊಳೆಯಬೇಕಿಲ್ಲವೆಂಬುದೂ ಇಂಥದೇ ಇನ್ನೊಂದು ಭ್ರಮೆ.

ಇಲ್ಲಿ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಮಡಿಯೆಂಬುದು ನಮ್ಮ ಮನೆಗಳಲ್ಲಿ ಹಳೆಯ ಮಾತು. ಆದರೆ ಮಡಿಯು ಮುಟ್ಟಿದವರು ಯಾರೆಂದು ಕೇಳುತ್ತದೆ. ಆಸ್ಪತ್ರೆಯ ನಿರ್ಮಲತೆಯು ಮುಟ್ಟಿದ್ದು ಏನನ್ನೆಂದು ಮಾತ್ರ ಕೇಳುತ್ತದೆ. ರೋಗಾಣುವಿಗೆ ಕುಲಗೋತ್ರಗಳ ಹಂಗಿಲ್ಲ. ಎಲ್ಲರಿಗೂ ಒಂದೇ ಎಚ್ಚರಿಕೆಯೆಂಬ ಸೂತ್ರವನ್ನು ಸರಿಯಾಗಿ ಕಲಿತ ದಾದಿಯು, ಎಚ್.ಐ.ವಿ. ಸೋಂಕಿನ ರೋಗಿಯ ಮಂಚಕ್ಕೆ ಗುರುತು ಕಟ್ಟಿ ಅವನನ್ನು ದೂರವಿರಿಸುವ ಕ್ರೌರ್ಯಕ್ಕೆ ಇಳಿಯುವುದಿಲ್ಲ; ಬಡವನನ್ನು ಮುಟ್ಟಲು ಹಿಂಜರಿಯುವುದೂ ಇಲ್ಲ. ಈ ವಿದ್ಯೆಯು ಶರೀರವನ್ನಷ್ಟೇ ಅಲ್ಲ, ಸಮಾಜವನ್ನೂ ಶುದ್ಧಿಗೊಳಿಸತಕ್ಕುದು.

ವಿದ್ಯಾರ್ಥಿಗಳ ಸ್ವಂತ ರಕ್ಷಣೆಯ ವಿಷಯವು ಇದಕ್ಕಿಂತ ಕಡಿಮೆಯದಲ್ಲ. ಬಳಸಿದ ಸೂಜಿಯು ಕೈಗೆ ಚುಚ್ಚಿದರೆ, ಲಸಿಕೆಯಿಲ್ಲದವರಿಗೆ ಹೆಪಟೈಟಿಸ್ ಬಿ ಕಾಮಾಲೆಯು ನೂರಕ್ಕೆ 30ರವರೆಗೂ, ಎಚ್.ಐ.ವಿ. ಸೋಂಕು ಸಾವಿರಕ್ಕೆ ಮೂರರಷ್ಟೂ ತಗಲುವ ಸಂಭವವಿದೆ. ಮೊದಲನೆಯದಕ್ಕೆ ಮೂರು ವರಸೆಯ ಲಸಿಕೆಯುಂಟು. ಎರಡನೆಯದಕ್ಕೆ ಎರಡು ತಾಸಿನೊಳಗೆ, ತಪ್ಪಿದರೂ 72 ತಾಸು ಮೀರುವ ಮುನ್ನ ಪ್ರಾರಂಭಿಸಬೇಕಾದ ಔಷಧವುಂಟು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಕೂಡದು; ಚುಚ್ಚಿದಲ್ಲಿ ಗಾಯವನ್ನು ಹಿಂಡದೆ ಸಾಬೂನು ನೀರಿನಿಂದ ತೊಳೆದು ಆ ಕ್ಷಣವೇ ಮೇಲಿನವರಿಗೆ ತಿಳಿಸಬೇಕು. ಆದರೆ ಬೈಗುಳಕ್ಕೆ ಹೆದರಿ ಹದಿನೆಂಟು ಹತ್ತೊಂಬತ್ತರ ಹುಡುಗಿಯು ಬಾಯಿ ಮುಚ್ಚಿಕೊಂಡರೆ ಆ ಔಷಧದಿಂದ ಬಂದ ಫಲವೇನು? ಗದರಿಸುವ ಬಾಯಿಯು ಇಲ್ಲಿ ಸೂಜಿಗಿಂತ ಹರಿತವಾದುದು.

ಕಸದ ವಿಚಾರವನ್ನೂ ಎರಡು ಮಾತಿನಲ್ಲಿ ಹೇಳಬಹುದು. ಭಾರತ ಸರ್ಕಾರದ 2016ರ ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮಗಳ ಮೇರೆಗೆ, ರಕ್ತಸಿಕ್ತ ಹತ್ತಿ ಬಟ್ಟೆಗಳು ಹಳದಿ ಚೀಲಕ್ಕೂ, ಪ್ಲಾಸ್ಟಿಕ್ ಕೊಳವೆಗಳು ಕೆಂಪಕ್ಕೂ, ಸೂಜಿ ಮುಂತಾದ ಹರಿತ ವಸ್ತುಗಳು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೂ, ಗಾಜು ನೀಲಿಗೂ ಹೋಗತಕ್ಕದ್ದು. ದಾದಿಯು ಅಜಾಗರೂಕತೆಯಿಂದ ಹಳದಿ ಚೀಲಕ್ಕೆ ಎಸೆದ ಒಂದು ಸೂಜಿಯು ಚುಚ್ಚುವುದು ಅವಳನ್ನಲ್ಲ. ಆ ಚೀಲವನ್ನು ಹೊರುವ ಪೌರಕಾರ್ಮಿಕನನ್ನು. ಅವನ ಮನೆಯಲ್ಲಿಯೂ ಮಕ್ಕಳಿರುವರೆಂಬುದನ್ನು ವಿದ್ಯಾರ್ಥಿಗಳಿಗೆ ಮನಗಾಣಿಸಬೇಕು.

ಪಠ್ಯಕ್ರಮದಲ್ಲಿ ಈ ವಿಷಯವಿಲ್ಲವೆಂದಲ್ಲ. ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ಹೊರಡಿಸಿದ ಬಿ.ಎಸ್‌ಸಿ. ನರ್ಸಿಂಗ್ ಪಠ್ಯಕ್ರಮದಲ್ಲಿ ಸೂಕ್ಷ್ಮಜೀವಶಾಸ್ತ್ರದೊಡನೆ ಸೋಂಕಿನ ನಿಯಂತ್ರಣವನ್ನೂ ಸುರಕ್ಷತೆಯನ್ನೂ ಸೇರಿಸಿ, ಮೂರನೆಯ ಅರ್ಧವರ್ಷದಲ್ಲಿ ಕಲಿಸುವಂತೆ ವಿಧಿಸಿದೆ. ಸ್ತುತ್ಯವಾದ ಕಾರ್ಯವೇ ಸರಿ. ಆದರೆ ಶಾಲೆಯಲ್ಲಿ ಕಲಿತುದನ್ನು ವಾರ್ಡು ಮರೆಸಿಬಿಡುತ್ತದೆ. ಹಿರಿಯ ದಾದಿಯು ಕೈ ತೊಳೆಯದೆ ಮುಂದಿನ ರೋಗಿಯತ್ತ ನಡೆದರೆ, ವೈದ್ಯನು ಒಂದೇ ಸ್ಟೆಥಾಸ್ಕೋಪನ್ನು ಒರೆಸದೆ ಇಪ್ಪತ್ತು ಎದೆಗಳ ಮೇಲಿಟ್ಟರೆ, ವಿದ್ಯಾರ್ಥಿನಿಯು ಕಲಿಯುವುದು ಅದನ್ನೇ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯುಂಟಷ್ಟೆ. ಆದರೆ ಸೊಟ್ಟಗೆ ಬೆಳೆದ ಮರದ ನೆರಳಲ್ಲಿ ಗಿಡವೂ ನೆಟ್ಟಗೆ ಬೆಳೆಯದು. ನಲ್ಲಿಯಿದ್ದೆಡೆ ನೀರಿಲ್ಲ, ನೀರಿದ್ದೆಡೆ ಸಾಬೂನಿಲ್ಲವೆಂಬ ಸ್ಥಿತಿಯಲ್ಲಿ ಐದು ಸಂದರ್ಭಗಳ ಬೋಧನೆಯು ಅರಣ್ಯರೋದನವೇ ಸರಿ.

ನಮ್ಮ ನಾಡಿನಲ್ಲಿ ನರ್ಸಿಂಗ್ ವಿದ್ಯಾಲಯಗಳು ಬಹುಸಂಖ್ಯೆಯಲ್ಲಿವೆ. ಕೇರಳದಿಂದಲೂ ಈಶಾನ್ಯದ ಪ್ರಾಂತಗಳಿಂದಲೂ ತರುಣ ತರುಣಿಯರು ಕಲಿಯಲು ಬರುತ್ತಾರೆ. ಇಲ್ಲಿ ಕಲಿತ ಕೈಗಳು ದೇಶವಿದೇಶಗಳ ರೋಗಿಗಳನ್ನು ಮುಟ್ಟುತ್ತವೆ. ಆದುದರಿಂದ ನಮ್ಮ ಹೊಣೆಯು ದೊಡ್ಡದು. ಅಧಿಕಾರವರ್ಗದವರ ಮುಂದೆ ಕೆಲವು ಸೂಚನೆಗಳನ್ನು ಇಡುತ್ತೇವೆ. ಒಂದನೆಯದಾಗಿ, ಕೈ ತೊಳೆಯುವುದು, ಗವಸು ತೊಟ್ಟು ಕಳಚುವುದು, ಸೂಜಿಯ ವಿಲೇವಾರಿ, ಇವನ್ನು ಉಪಾಧ್ಯಾಯರ ಕಣ್ಣೆದುರಿಗೆ ಮಾಡಿ ತೋರಿಸಿ ಉತ್ತೀರ್ಣರಾಗದೆ ಯಾವ ವಿದ್ಯಾರ್ಥಿಯನ್ನೂ ವಾರ್ಡಿಗೆ ಕಳುಹಿಸಕೂಡದು. ಎರಡನೆಯದಾಗಿ, ವಾರ್ಡಿಗೆ ಕಾಲಿಡುವ ಮೊದಲೇ ಹೆಪಟೈಟಿಸ್ ಬಿ ಲಸಿಕೆಯು ವಿದ್ಯಾಲಯದ ಖರ್ಚಿನಲ್ಲಿಯೇ ದೊರೆಯಬೇಕು. ಮೂರನೆಯದಾಗಿ, ಪ್ರತಿ ವಾರ್ಡಿನಲ್ಲಿಯೂ ನೀರು, ಸಾಬೂನು, ಮಂಚದ ಬಳಿಯಲ್ಲಿಯೇ ಮದ್ಯಸಾರದ ದ್ರವ ಇವು ತಪ್ಪದೆ ಇರಬೇಕು. ಈ ದ್ರವವನ್ನು ಆಸ್ಪತ್ರೆಯ ಔಷಧಶಾಲೆಯಲ್ಲಿಯೇ ತಯಾರಿಸುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯು ಪ್ರಕಟಿಸಿರುವುದರಿಂದ ದುಬಾರಿಯೆಂಬ ನೆಪಕ್ಕೆ ಎಡೆಯಿಲ್ಲ. ನಾಲ್ಕನೆಯದಾಗಿ, ಹಿರಿಯರು ಕೈ ತೊಳೆಯಲು ಮರೆತಾಗ ಕಿರಿಯಳು ವಿನಯದಿಂದ ನೆನಪಿಸಿದರೆ ಅದನ್ನು ಉದ್ಧಟತನವೆಂದು ಎಣಿಸಕೂಡದೆಂಬ ಆಜ್ಞೆಯು ವೈದ್ಯಾಧಿಕಾರಿಯಿಂದಲೇ ಹೊರಡಬೇಕು.

ಪೌರಮಹಾಶಯರಿಗೂ ಒಂದು ಬಿನ್ನಹ. ನೆಂಟನನ್ನು ನೋಡಲು ಹೋದಾಗ ಹತ್ತು ಮಂದಿ ಮಂಚವನ್ನು ಮುತ್ತಿಕೊಂಡು ಹಾಸಿಗೆಯ ಮೇಲೆಯೇ ಕುಳಿತುಕೊಳ್ಳುವುದನ್ನು ಬಿಡಬೇಕು. ಕೈ ತೊಳೆಯಲು ದಾದಿಯು ನಿಂತರೆ ತಡಮಾಡಿದಳೆಂದು ಸಿಡಿಮಿಡಿಗೊಳ್ಳಬಾರದು. ಆ ಅರ್ಧ ನಿಮಿಷವು ನಮ್ಮವನಿಗಾಗಿಯೇ ವ್ಯಯವಾಗುತ್ತಿದೆ. ಆಸ್ಪತ್ರೆಗೆ ದಾನಮಾಡುವ ಶ್ರೀಮಂತರು ಹೆಸರು ಕೆತ್ತಿಸಿದ ಅಮೃತಶಿಲೆಯ ಬದಲು ನಾಲ್ಕು ನಲ್ಲಿಗಳನ್ನು ಹಾಕಿಸಿಕೊಟ್ಟರೆ ಹೆಚ್ಚಿನ ಪುಣ್ಯವು ಬಂದೀತು. ಹೊಸ ಕಟ್ಟಡಕ್ಕೆ ಲಕ್ಷಗಟ್ಟಲೆ ಹಣವನ್ನು ಮಂಜೂರು ಮಾಡುವ ಸರ್ಕಾರವು, ಆ ಕಟ್ಟಡದೊಳಗೆ ದುಡಿಯುವ ಕೈಗಳನ್ನು ಮೊದಲು ಸಿದ್ಧಗೊಳಿಸುವುದೆಂದು ಆಶಿಸುತ್ತೇವೆ.